ಯುರೋಪಿನ ಇತಿಹಾಸ ಗೊತ್ತಿಲ್ಲದವರಿಗೆ ರಾಕ್ ಸಂಗೀತಗಾರ ಜಾನ್ ಕೇಲ್ ಅವರ 'ಪ್ಯಾರಿಸ್ 1919' ಆಲ್ಬಮ್ ಹಿಡಿಸುತ್ತದೆಯೇ?

ಧಾರಾಳವಾಗಿ ಕೇಳಿ. ಒಂಬತ್ತು ಹಾಡು, ಎಲ್ಲಾ ಸೇರಿ ಅರ್ಧ ಗಂಟೆ ಚಿಲ್ಲರೆ. ಮೊದಲೇ ಏನೂ ಓದಿಕೊಳ್ಳಬೇಕಿಲ್ಲ. ಆದರೆ ಆ 1919 ಏನು ಅಂತ ಗೊತ್ತಿದ್ದರೆ ಕೇಳುವ ಸುಖ ಜಾಸ್ತಿ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ ಗೆದ್ದ ದೇಶಗಳು ಪ್ಯಾರಿಸ್‌ನಲ್ಲಿ ಸೇರಿದವು. ಯುರೋಪಿನ ಭೂಪಟಕ್ಕೆ ಹೊಸ ಗೆರೆ ಎಳೆದವು. ಜೂನ್ 28ಕ್ಕೆ ಜರ್ಮನಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಹೆಸರಿಗೆ ಶಾಂತಿ. ಇಪ್ಪತ್ತು ವರ್ಷಕ್ಕೆ ಮತ್ತೆ ಯುದ್ಧ.

ಕೇಲ್ ಹುಟ್ಟಿದ್ದು ಆ ಎರಡನೇ ಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಗಾರ್ನಂಟ್ ಎಂಬ ಹಳ್ಳಿಯಲ್ಲಿ. ಅಪ್ಪನಿಗೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ಮನೆಮಾತು ವೆಲ್ಷ್, ಇಂಗ್ಲಿಷ್ ಬಂದಿದ್ದು ಶಾಲೆಗೆ ಹೋದ ಮೇಲೆ. ಪ್ಯಾರಿಸ್‌ನಲ್ಲಿ ಭೂಪಟದ ಮುಂದೆ ಕೂತಿದ್ದ ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಅವರ ತಾಯಿನುಡಿಯೂ ವೆಲ್ಷೇ! ಇದು ಗೊತ್ತಾದ ಮೇಲೆ ನನಗೆ ಈ ಆಲ್ಬಮ್ ಇನ್ನೂ ಹತ್ತಿರವಾಯಿತು.

1963ರಲ್ಲಿ ಅಮೆರಿಕಕ್ಕೆ ಹೋದ ಕೇಲ್, ಪ್ರಯೋಗಶೀಲ ಸಂಗೀತಗಾರ ಲಾ ಮಾಂಟೆ ಯಂಗ್ ಅವರ ತಂಡ ಸೇರಿದರು. ತಂಬೂರಿ ಶ್ರುತಿ ಹಿಡಿದ ಹಾಗೆ ಒಂದೇ ಸ್ವರವನ್ನು ಗಂಟೆಗಟ್ಟಲೆ ನುಡಿಸುವ ತಂಡ ಅದು. ಆಮೇಲೆ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದಲ್ಲಿ ಅವರ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಕಿರುಚಿತು. ಅಂಥವರು 1973ರಲ್ಲಿ ಇಷ್ಟು ಇಂಪಾದ ಆಲ್ಬಮ್ ತಂದರು ಅಂದರೆ ನಂಬುವುದೇ ಕಷ್ಟ, ಅಲ್ವಾ? ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡಿಂಗ್. ಗಿಟಾರ್‌ಗೆ ಲಿಟಲ್ ಫೀಟ್ ತಂಡದ ಲೊವೆಲ್ ಜಾರ್ಜ್. ಜೊತೆಗೆ ಅಲ್ಲಿನ ವಿಶ್ವವಿದ್ಯಾಲಯದ ಆರ್ಕೆಸ್ಟ್ರಾ.

ಹಾಡುಗಳಲ್ಲಿ ಒಪ್ಪಂದದ ಕಥೆ ಹುಡುಕಬೇಡಿ, ಸಿಗುವುದಿಲ್ಲ. ಊರುಗಳ ಹೆಸರು ಬರುತ್ತವೆ, ಹೋಗುತ್ತವೆ. 'ಹಾಫ್ ಪಾಸ್ಟ್ ಫ್ರಾನ್ಸ್'ನಲ್ಲಿ ಒಬ್ಬ ಫ್ರಾನ್ಸಿನ ಬಂದರು ಡನ್‌ಕರ್ಕ್‌ಗೂ ಪ್ಯಾರಿಸ್‌ಗೂ ನಡುವಿನ ದಾರಿಯಲ್ಲಿ, ರೈಲಿನಲ್ಲಿದ್ದಾನೆ. ಸುತ್ತ ಎಲ್ಲರೂ ನಿದ್ದೆಯಲ್ಲಿ, ಇವನೊಬ್ಬ ಎಚ್ಚರ. ಯಾವ ಕಾಲ, ಯಾಕೆ ಹೊರಟ, ಬಿಡಿಸಿ ಹೇಳುವುದಿಲ್ಲ. ಶೀರ್ಷಿಕೆ ಹಾಡಿನಲ್ಲಿ ಒಂದು ದೆವ್ವದ ಮಾತಿದೆ. ಪಿಟೀಲು, ಚೆಲ್ಲೋಗಳು ಹಬ್ಬದ ಉಲ್ಲಾಸದಲ್ಲಿ ಸಾಗುತ್ತವೆ, ನಡುವೆ ಹಕ್ಕಿಗಳ ಚಿಲಿಪಿಲಿ ಬೇರೆ. ಪಲ್ಲವಿ ಮಾತ್ರ 'ನೀನು ದೆವ್ವ' ಅನ್ನುತ್ತದೆ. ರಾಗದಲ್ಲಿ ಸಂಭ್ರಮ, ಮಾತಿನಲ್ಲಿ ಸತ್ತವರು. ಯುದ್ಧ ಮುಗಿದ ಖುಷಿಯಲ್ಲಿ ಮುಂದಿನ ಯುದ್ಧಕ್ಕೆ ದಾರಿ ಮಾಡಿಕೊಂಡ ಆ ವರ್ಷ ನನಗೆ ಕೇಳಿಸುವುದು ಅಲ್ಲೇ. ಇತಿಹಾಸದ ಪುಸ್ತಕ ಓದಿದಾಗಲೂ ನನಗೆ ಅದು ಅಷ್ಟು ತಟ್ಟಿರಲಿಲ್ಲ.

ಹಾಗಾಗಿ ಮೊದಲು ಶೀರ್ಷಿಕೆ ಹಾಡು ಕೇಳಿ, ಆಮೇಲೆ 'ಹಾಫ್ ಪಾಸ್ಟ್ ಫ್ರಾನ್ಸ್'. ಹಿಡಿಸಿದರೆ ಇಡೀ ಆಲ್ಬಮ್ ಮೊದಲಿನಿಂದ ಹಾಕಿ. 'ಮ್ಯಾಕ್‌ಬೆತ್' ಒಂದೇ ಗದ್ದಲದ ರಾಕ್ ಹಾಡು. ನನ್ನ ಕಿವಿಗೆ ಅದು ಉಳಿದವುಗಳ ಜೊತೆ ಹೊಂದುವುದಿಲ್ಲ. ಮೊದಲ ಸಲ ಅದನ್ನು ದಾಟಿ ಹೋದರೂ ನಷ್ಟವಿಲ್ಲ.