ಗಣಿತ ಎಂ.ಎಸ್ಸಿ. ವಿದ್ಯಾರ್ಥಿಗೆ ಹಣದ ನೆರವು ಎಲ್ಲಿಂದ ಸಿಗುತ್ತದೆ?

ರಾಜ್ಯದ ವಿಶ್ವವಿದ್ಯಾನಿಲಯವೊಂದರಲ್ಲಿ ಈ ವರ್ಷ ಗಣಿತ ಎಂ.ಎಸ್ಸಿ.ಗೆ ಸೇರಿರುವ ತಾವು, ಮನೆಯವರ ಮೇಲೆ ಭಾರ ಹಾಕದೆ ಓದು ಮುಗಿಸಿ ಮುಂದೆ ಸಂಶೋಧನೆಗೆ ಹೋಗಲು ಸಾಧ್ಯವೇ, ವಿಭಾಗದಿಂದ ಏನಾದರೂ ನೆರವು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಾಧ್ಯವಿದೆ, ಆದರೆ ವಿಭಾಗವನ್ನು ನೆಚ್ಚಿಕೊಂಡು ಕೂರಬೇಡಿ. ನಾನೂ ಇಂಥದೇ ಒಂದು ವಿಭಾಗದಲ್ಲಿ ಓದಿ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಹಣದಲ್ಲಿ ಪಿಎಚ್.ಡಿ. ಮುಗಿಸಿ, ಈಗ ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ರಸಾಯನಶಾಸ್ತ್ರದಲ್ಲಿ ಪ್ರಾಧ್ಯಾಪಕರಿಗೆ ಬಂದ ಪ್ರಾಜೆಕ್ಟ್ ಹಣದಲ್ಲಿ ಒಂದಿಬ್ಬರು ವಿದ್ಯಾರ್ಥಿಗಳಿಗೂ ಜಾಗ ಸಿಗುವುದುಂಟು. ಗಣಿತದಲ್ಲಿ ಅದು ಅಪರೂಪ. ಇಲ್ಲಿ ಹಣ ಹೆಚ್ಚಾಗಿ ಪರೀಕ್ಷೆ ಬರೆದು ಆಯ್ಕೆಯಾದ ವ್ಯಕ್ತಿಯ ಹೆಸರಿಗೇ ಬರುತ್ತದೆ.

ಮೊದಲು ಎಂ.ಎಸ್ಸಿ.ಯ ಎರಡು ವರ್ಷಗಳ ಖರ್ಚಿನ ಮಾತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರಾಗಿದ್ದು ಆದಾಯ ಮಿತಿಯೊಳಗಿದ್ದರೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಹಣ ನಿಲ್ಲುವುದು ಬಹುಪಾಲು ಇವೆರಡರಲ್ಲೇ. ಇದಲ್ಲದೆ ಯುಜಿಸಿಯ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ) ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನವೊಂದಿದೆ: ತಿಂಗಳಿಗೆ 15,000 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ಕೊಡುತ್ತಾರೆ, ಪದವಿಯ ಅಂಕಗಳ ಮೇಲೆ ಆಯ್ಕೆ ಮಾಡುತ್ತಾರೆ. ಇದಕ್ಕೆ ಮೊದಲ ವರ್ಷದಲ್ಲಿರುವವರೇ ಅರ್ಜಿ ಹಾಕಬೇಕು, ಆದ್ದರಿಂದ ಮುಂದೂಡಬೇಡಿ.

ಗಣಿತಕ್ಕೆಂದೇ ಇರುವ ಸಂಸ್ಥೆ ಎನ್‌ಬಿಎಚ್‌ಎಂ, ಎಂದರೆ ಅಣುಶಕ್ತಿ ಇಲಾಖೆ 1983ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ. ಪಿಎಚ್.ಡಿ. ಫೆಲೋಶಿಪ್‌ಗೆ ಅದು ಲಿಖಿತ ಪರೀಕ್ಷೆ ನಡೆಸಿ, ಅದರಲ್ಲಿ ಗೆದ್ದವರನ್ನು ಸಂದರ್ಶನಕ್ಕೆ ಕರೆಯುತ್ತದೆ. ಇನ್ನೊಂದು ದಾರಿ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಇದರಲ್ಲಿ ಜೆಆರ್‌ಎಫ್ ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಹಿರಿಯ ಫೆಲೋ ಆದಾಗ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುತ್ತದೆ ಎಂಬುದನ್ನೂ ತಿಳಿದಿರಿ. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆದರಾಗದೇ ಎಂದು ಅನೇಕರು ಕೇಳುತ್ತಾರೆ. ಅದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆಯೇ ಹೊರತು ಫೆಲೋಶಿಪ್ ಕೊಡುವುದಿಲ್ಲ.

ನಮ್ಮ ವಿಭಾಗಗಳ ಒಳ್ಳೆಯ ವಿದ್ಯಾರ್ಥಿಗಳು ನೆಟ್‌ನಲ್ಲಿ ಎಡವುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ಓದುವ ರೀತಿ ಕಾರಣ. ಗಣಿತ ಪತ್ರಿಕೆಯ ಸಿ ಭಾಗದಲ್ಲಿ ಪ್ರಶ್ನೆಯೊಂದಕ್ಕೆ 4.75 ಅಂಕ, ಒಂದಕ್ಕಿಂತ ಹೆಚ್ಚು ಆಯ್ಕೆಗಳು ಸರಿಯಿರಬಹುದು, ಅಷ್ಟನ್ನೂ ಗುರುತಿಸಿದರೆ ಮಾತ್ರ ಅಂಕ. ಮುಚ್ಚಿದ, ಪರಿಮಿತ ಅಂತರದ ಮೇಲಿನ ಸಂತತ ಫಲನವು ಏಕರೂಪವಾಗಿಯೂ ಸಂತತ ಎಂಬ ಪ್ರಮೇಯವನ್ನು ಸೆಮಿಸ್ಟರ್ ಪರೀಕ್ಷೆಯಲ್ಲಿ ಸಾಧನೆಯೊಡನೆ ಬರೆದು ಪೂರ್ಣ ಅಂಕ ಪಡೆಯುವವರು, ಅದೇ ಅಂತರ ತೆರೆದದ್ದಾದರೆ, ಎಂದರೆ ತುದಿಯ ಬಿಂದುಗಳು ಅದರಲ್ಲಿ ಸೇರದಿದ್ದರೆ, ಏನಾಗುತ್ತದೆ ಎಂದು ಕೇಳಿದೊಡನೆ ತಡವರಿಸುತ್ತಾರೆ. 0 ಮತ್ತು 1ರ ನಡುವಿನ ತೆರೆದ ಅಂತರದಲ್ಲಿ ಸೈನ್ 1/ಎಕ್ಸ್ ಫಲನವು ಪರಿಮಿತವೂ ಹೌದು, ಸಂತತವೂ ಹೌದು, ಏಕರೂಪವಾಗಿ ಸಂತತವಲ್ಲ. ಇಂಥ ಪ್ರತ್ಯುದಾಹರಣೆಗಳು ನಾಲಿಗೆಯ ತುದಿಯಲ್ಲಿರಬೇಕು, ಮತ್ತು ಅವು ನೋಟ್ಸ್ ಬಾಯಿಪಾಠ ಮಾಡಿದರೆ ಬರುವಂಥವಲ್ಲ.

ಈ ಕಾರಣಕ್ಕೇ ನಾನು ಯಾವುದೇ ವಿದ್ಯಾರ್ಥಿವೇತನಕ್ಕಿಂತ ಮೇಲೆ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರವನ್ನು ಇಡುತ್ತೇನೆ. 1993ರಲ್ಲಿ ಪ್ರೊ. ಎಸ್. ಕುಮರೇಶನ್ ಆರಂಭಿಸಿದ, ಎನ್‌ಬಿಎಚ್‌ಎಂ ನೆರವಿನಿಂದ ಬೆಳೆದ ಈ ನಾಲ್ಕು ವಾರಗಳ ಶಿಬಿರದಲ್ಲಿ ಊಟ, ವಸತಿ ಉಚಿತ, ರೈಲಿನ ಸ್ಲೀಪರ್ ದರ್ಜೆಯ ಟಿಕೆಟ್ ಹಣವನ್ನೂ ಕೊಡುತ್ತಾರೆ. ಎಂ.ಎಸ್ಸಿ. ಮೊದಲ ವರ್ಷದವರಿಗೆಂದೇ ಅದರಲ್ಲಿ ಬೇರೆ ಹಂತವಿದೆ. ಅಲ್ಲಿ ಉಪನ್ಯಾಸ ಕೇಳಿ ಬರೆದುಕೊಳ್ಳುವುದು ನಡೆಯುವುದಿಲ್ಲ. ಪ್ರತಿ ಸಾಲಿಗೂ ಏಕೆ ಎಂದು ಕೇಳಿ ವಿದ್ಯಾರ್ಥಿಯಿಂದಲೇ ಉತ್ತರ ಹೊರಡಿಸುತ್ತಾರೆ. ಮೊದಲ ವಾರ ಮುಖಭಂಗವೆನಿಸಿದರೂ ಸಹಿಸಿಕೊಳ್ಳಿ. ಬೇಸಿಗೆಗೆ ಇನ್ನೊಂದು ಅವಕಾಶವೂ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಬೇರೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಕೊಡುವ ಎರಡು ತಿಂಗಳ ಸಂಶೋಧನಾ ಫೆಲೋಶಿಪ್. ಇದಕ್ಕೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುವುದರಿಂದ, ಬೇಸಿಗೆ ಹತ್ತಿರ ಬಂದಾಗ ಎಚ್ಚೆತ್ತವರಿಗೆ ಸಿಗುವುದಿಲ್ಲ.

ಎರಡಕ್ಕೂ ಅಧ್ಯಾಪಕರ ಶಿಫಾರಸು ಪತ್ರ ಬೇಕು. ವಿಭಾಗ ನಿಮಗೆ ನಿಜವಾಗಿ ನೆರವಾಗುವುದು ಇಲ್ಲಿ. ನಿಮ್ಮ ಹೆಸರು ಹಾಜರಿ ಪುಸ್ತಕದಿಂದಾಚೆಗೂ ಗೊತ್ತಿರುವ ಒಬ್ಬರಾದರೂ ಅಧ್ಯಾಪಕರಿರಲಿ. ಬಿಡಿಸಲಾಗದ ಲೆಕ್ಕವೊಂದನ್ನು ಹಿಡಿದು ಅವರ ಕೊಠಡಿಗೆ ಹೋಗುವುದಕ್ಕೆ ಸಂಕೋಚ ಬೇಡ. ಸಾಮಾನ್ಯವಾಗಿ ಅವರು ಸಂತೋಷಪಡುತ್ತಾರೆ, ಯಾಕೆಂದರೆ ಹಾಗೆ ಬರುವವರು ಕಡಿಮೆ.

ವಿದೇಶದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಇಟಲಿಯ ಟ್ರಿಯೆಸ್ಟೆಯಲ್ಲಿರುವ ಐಸಿಟಿಪಿ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರದ ಒಂದು ವರ್ಷದ ಗಣಿತ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಗೆ ಅಲ್ಲಿ ಖರ್ಚನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಈ ಸೆಮಿಸ್ಟರ್‌ನಲ್ಲಿ ಆಗಬೇಕಾದದ್ದು ವಿದ್ಯಾರ್ಥಿವೇತನದ ಅರ್ಜಿ ಮತ್ತು ಬೇಸಿಗೆಗೆ ಬೇಕಾದ ಶಿಫಾರಸು ಪತ್ರ.