ಬೇಸಿಗೆಯಲ್ಲಿ ಗೋಡೆಯ ಬಿರುಕಿಗೆ ಮೆತ್ತಿದ ಸಿಮೆಂಟ್ ಏಕೆ ಉದುರುತ್ತದೆ?

ಸಾಮಾನ್ಯವಾಗಿ, ಗಟ್ಟಿಯಾಗುವ ಮೊದಲೇ ಅದರ ನೀರು ಆರಿಹೋಗುವುದರಿಂದ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಅದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಟ್ಟಲೆ ತೇವ ಬೇಕು. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು ಹೊರಗಿನಿಂದ, ಕಾದ ಗೋಡೆ ಒಳಗಿನಿಂದ ಆ ನೀರನ್ನು ಹೀರಿಬಿಡುತ್ತವೆ. ಉಳಿಯುವುದು ಬೆರಳಿನಿಂದ ಉಜ್ಜಿದರೆ ಪುಡಿಯಾಗುವ ಬೂದುಬಣ್ಣದ ಪದರ.

ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ. ಸಡಿಲ ಗಾರೆಯನ್ನು ಉಳಿಯಿಂದ ಕೆರೆದು, ಧೂಳು ತೆಗೆದು, ಗೋಡೆ ಗಟಗಟನೆ ಹೀರುವುದನ್ನು ನಿಲ್ಲಿಸುವವರೆಗೂ ನೀರು ಚಿಮುಕಿಸಿ. ಮೇಲೆ ನೀರು ಮಿನುಗದೆ, ಮುಟ್ಟಿದರೆ ತಂಪೆನಿಸಿದಾಗ ಮೆತ್ತಬೇಕು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು ಸಾಕು. ಸಿಮೆಂಟ್ ಅತಿಯಾದರೆ ಕುಗ್ಗಿ ಮತ್ತೆ ಬಿರಿಯುತ್ತದೆ. ಮರುದಿನದಿಂದ ಒದ್ದೆ ಗೋಣಿಚೀಲ ಇಳಿಬಿಟ್ಟು 7 ದಿನ ತೇವ ಆರದಂತೆ ನೋಡಿಕೊಳ್ಳಿ. ದಯವಿಟ್ಟು ಇದೊಂದನ್ನು ತಪ್ಪಿಸಬೇಡಿ.

ಇದು ಗಾರೆಯ ಬಿರುಕಿಗೆ ಮಾತ್ರ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಅಡಿಪಾಯ ಅಲುಗಿಯೂ ಗೋಡೆ ಬಿರಿಯುತ್ತದೆ. ಓರೆಯಾಗಿ ಎರಡೂ ಬದಿಗೆ ಕಾಣುವ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕನ್ನು ಎಂಜಿನಿಯರಿಗೆ ತೋರಿಸಿ.