ಬಾದಾಮಿಯ ಗುಹೆಯೊಳಗಿಂದ ಕಂಡ ಬೆಟ್ಟ

ಪ್ರಶ್ನೆ: ಡಿಸೆಂಬರಿನಲ್ಲಿ ಬಾದಾಮಿಗೆ ಹೋಗಿದ್ದೆವು. ಊರ ಬೀದಿಯಿಂದ ಸಾಧಾರಣವಾಗಿ ಕಂಡ ಉತ್ತರದ ಬೆಟ್ಟ, ಮೂರನೆಯ ಗುಹೆಯೊಳಗಿಂದ ನೋಡಿದಾಗ ಬೇರೆಯೇ ಬೆಟ್ಟವೆನ್ನುವಷ್ಟು ಭವ್ಯವಾಗಿ ಕಂಡಿತು. ಇದು ನಮ್ಮ ಭ್ರಮೆಯೇ, ಅಥವಾ ಕಟ್ಟಡಕ್ಕೆ ಅಂಥ ಶಕ್ತಿ ಇದೆಯೇ?
– ಒಬ್ಬ ಓದುಗರು, ಧಾರವಾಡ

ಉತ್ತರ: ಭ್ರಮೆಯಲ್ಲ. ಗುಹೆಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದಲ್ಲಿ ನೆರಳಿನಲ್ಲೇ ಇರುತ್ತವೆ. ಎದುರಿನ ಬೆಟ್ಟದ ಕೆಂಪು ಮರಳುಗಲ್ಲು ದಕ್ಷಿಣಕ್ಕೆ ತೆರೆದುಕೊಂಡಿರುವುದರಿಂದ ಆ ದಿನಗಳ ಓರೆ ಬಿಸಿಲೆಲ್ಲ ಅದರ ಮೇಲೆಯೇ ಬೀಳುತ್ತದೆ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಆ ಕೆಂಪು ಎಷ್ಟು ಗಾಢವಾಗಿ ಕಾಣುತ್ತದೆಂಬುದನ್ನು ನೀವೇ ಅನುಭವಿಸಿದ್ದೀರಿ. ಬೀದಿಯಲ್ಲಿ ನಿಂತಾಗ ಬಿಸಿಲು ನಮ್ಮ ಮೇಲೂ ಇರುತ್ತದೆ, ಬೆಟ್ಟದ ಮೇಲೂ ಇರುತ್ತದೆ. ಹಾಗಾಗಿ ಈ ಅಂತರ ಅರಿವಿಗೆ ಬರುವುದಿಲ್ಲ.

ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ, ಕ್ರಿ.ಶ. 578ರ ಶಾಸನವಿರುವ ಈ ಗುಹೆಯನ್ನು ಕೊರೆದ ಶಿಲ್ಪಿಗಳು ನೋಟಕ್ಕಾಗಿಯೇ ಈ ದಿಕ್ಕನ್ನು ಆರಿಸಿಕೊಂಡರೆಂದು ನಾನು ಹೇಳಲಾರೆ. ಕೊರೆಯಲು ತಕ್ಕ ಬಂಡೆ ಅಲ್ಲಿತ್ತು. ಆದರೆ ಮುಖಮಂಟಪದಲ್ಲಿ ಅವರು ಉಳಿಸಿದ ದಪ್ಪ ಕಂಬಗಳು ಎದುರಿನ ಬೆಟ್ಟವನ್ನು ನೀಳವಾದ ತುಂಡುಗಳಾಗಿ ವಿಂಗಡಿಸುತ್ತವೆ; ಮೇಲಿನ ಸೂರು ಆಕಾಶದ ಬಹುಭಾಗವನ್ನು ಮರೆಮಾಡುತ್ತದೆ. ಒಮ್ಮೆಗೇ ಕಾಣಬಹುದಾಗಿದ್ದ ಬೆಟ್ಟವನ್ನು ಆಗ ಭಾಗಭಾಗವಾಗಿ, ನಿಧಾನವಾಗಿ ನೋಡಬೇಕಾಗುತ್ತದೆ. ಎಲ್ಲವನ್ನೂ ಒಂದೇ ನೋಟದಲ್ಲಿ ತೋರಿಸಿಬಿಡುವ ಇಂದಿನ ಎತ್ತರದ ವೀಕ್ಷಣಾ ಗೋಪುರಗಳಲ್ಲಿ ನನಗೆ ಕೊರತೆಯೆನಿಸುವುದು ಈ ನಿಧಾನವೇ.

ಅಗಸ್ತ್ಯ ತೀರ್ಥವೆಂಬ ಕೆರೆಯ ಪೂರ್ವದ ದಡದಲ್ಲಿರುವ ಭೂತನಾಥ ದೇವಾಲಯದ ರೀತಿ ಬೇರೆ. ಅದರ ತೆರೆದ ಮಂಟಪ ನೀರಿನ ಮಟ್ಟಕ್ಕೆ ಹತ್ತಿರದಲ್ಲಿದೆ. ಕೆರೆ ತುಂಬಿ, ಗಾಳಿ ನಿಂತ ಹೊತ್ತಿನಲ್ಲಿ ಅಲ್ಲಿ ಕುಳಿತವರಿಗೆ ಬಂಡೆ ಮೊದಲು ಕಾಣುವುದು ನೀರಿನಲ್ಲಿ, ತಲೆಕೆಳಗಾಗಿ. ಕಣ್ಣು ಮೇಲೇರುವುದು ಆಮೇಲೆ.

ಮತ್ತೆ ಹೋದಾಗ ಮೂರನೆಯ ಗುಹೆಯ ಗರ್ಭಗುಡಿಯ ಬಾಗಿಲ ಬಳಿ, ಹೊರಗಿನ ಬೆಳಕಿಗೆ ಬೆನ್ನು ಮಾಡಿ ಐದು ನಿಮಿಷ ನಿಂತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಿರುಗಿ, ಎದುರಿನ ಬೆಟ್ಟವನ್ನು ನೋಡುತ್ತ ಒಂದೊಂದೇ ಕಂಬ ದಾಟಿ ಹೊರಗೆ ಬನ್ನಿ.